ನಲ್ಲಿ ನಿಲ್ಲಿಸಿ ಅಳು, ಮಗಳೇ

ಬೆಟಗೇರಿ
ಶನಿವಾರ ರಾತ್ರಿ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ಮನಸ್ಸನ್ನು ಕೊರೆಯುತ್ತಿದೆ. ಪ್ರಾರ್ಥನೆಗೆ ಕೂತರೆ ಬಾಯೇ ಬರುವುದಿಲ್ಲ ಅಂದೆ. ಸಭೆಯವರು ಮನೆಗೆ ಬಂದು, ‘ನಿನ್ನ ಗಂಡ ಕರ್ತನ ಬಳಿ ಇದ್ದಾನೆ, ನಂಬಿಕೆಯಿರುವವರು ಹೀಗೆಲ್ಲ ಅಳಬಾರದು’ ಎಂದು ಹೇಳಿ ಹೋಗುತ್ತಾರೆ, ಅವರು ಹೋದ ಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ ಅಂದೆ. ನಂಬಿಕೆಯೇ ಹೋಯಿತೇನೋ ಎಂಬ ಭಯ ನಿನಗೆ. ನನಗೆ ಆ ಭಯವಿಲ್ಲ. ಫೋನಿನಲ್ಲಿ ಸಮಾಧಾನವಾಗಿ ಹೇಳಲು ಆಗಲಿಲ್ಲ, ಅದಕ್ಕೇ ಕಾಗದ.

ಅಳಬಾರದು ಎನ್ನುವವರು ಕೀರ್ತನೆಗಳನ್ನು ಪೂರ್ತಿ ಓದಿರಲಿಕ್ಕಿಲ್ಲ. 150 ಕೀರ್ತನೆಗಳಲ್ಲಿ ಗೋಳು ತೋಡಿಕೊಂಡವು ಕಡಿಮೆಯೇನಿಲ್ಲ. ಹೆಚ್ಚಿನವು ಕಡೆಗೆ ಬರುವ ಹೊತ್ತಿಗೆ ಭರವಸೆಗೆ ತಿರುಗುತ್ತವೆ. 88ನೆಯದು ತಿರುಗುವುದೇ ಇಲ್ಲ. ಶುರುವಿನಲ್ಲಿ ದೇವರನ್ನು ರಕ್ಷಕನೆಂದು ಕರೆದದ್ದೊಂದು ಬಿಟ್ಟರೆ ಉದ್ದಕ್ಕೂ ಕತ್ತಲು, ಮುಗಿಯುವುದೂ ಕತ್ತಲಲ್ಲೇ. ಅದನ್ನು ಸತ್ಯವೇದದಿಂದ ಯಾರೂ ಕಿತ್ತುಹಾಕಲಿಲ್ಲ. ಉತ್ತರ ಸಿಗದಿದ್ದರೂ ದೇವರ ಮುಂದೆಯೇ ನಿಂತು ಜಗಳ ತೆಗೆಯುವುದು ಕೂಡ ಪ್ರಾರ್ಥನೆಯೇ. ಬಾಯಿ ಬರದಿದ್ದರೆ ಆ ಕೀರ್ತನೆಯನ್ನು ಗಟ್ಟಿಯಾಗಿ ಓದು, ಸಾಕು.

ಯೋಬನ ಗೆಳೆಯರನ್ನು ನೆನೆಸಿಕೋ. ಅವನ ಸ್ಥಿತಿ ಕಂಡು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ಬಿಟ್ಟ ಮೇಲೆ ಎಲ್ಲ ಕೆಟ್ಟಿತು. 42ನೆಯ ಅಧ್ಯಾಯದಲ್ಲಿ ದೇವರಿಗೆ ಸಿಟ್ಟು ಬಂದದ್ದು ತನ್ನ ಮೇಲೆ ಕೂಗಾಡಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಕಾಲತ್ತು ಮಾಡಿದ ಆ ಗೆಳೆಯರ ಮೇಲೆ. ನಿನ್ನ ಮನೆಗೆ ಬರುವವರ ಮೇಲೆ ಕೋಪ ಬೇಡ. ಅವರಿಗೂ ಏನು ಹೇಳಬೇಕೋ ತಿಳಿಯುವುದಿಲ್ಲ. ಆದರೆ ಅವರ ಮಾತನ್ನು ದೇವರ ಮಾತು ಅಂದುಕೊಳ್ಳಬೇಡ.

ನಿಮ್ಮ ಕಾಕಾ ಹೋದಾಗ ನೀನಿನ್ನೂ ಸಣ್ಣವಳು. ಪ್ರತಿ ಭಾನುವಾರ ಆರಾಧನೆಗೆ ಮೊದಲು ದೇವಾಲಯದ ಗೋಡೆಯ ಹಲಗೆಗೆ ಹಾಡಿನ ನಂಬರು ಸಿಕ್ಕಿಸುವ ಕೆಲಸ ಅವರದು. ಅಂಕಿಗಳ ತಗಡುಗಳನ್ನು ಪಂಚೆಯ ತುದಿಯಿಂದ ಒರೆಸಿ, ಸೊಟ್ಟಗಾಯಿತೇನೋ ಎಂದು ಎರಡು ಹೆಜ್ಜೆ ಹಿಂದೆ ಬಂದು ನೋಡುತ್ತಿದ್ದರು. ಅವರು ಹೋದ ಮೇಲೆ ಬೇರೆ ಹುಡುಗನೊಬ್ಬ ಸಿಕ್ಕಿಸತೊಡಗಿದ. ನಾನು ಹಾಡಿನ ಪುಸ್ತಕ ತೆರೆದು ಹಿಡಿದು ನಿಲ್ಲುತ್ತಿದ್ದೆ, ದನಿ ಹೊರಡುತ್ತಿರಲಿಲ್ಲ. ಅಕ್ಕಪಕ್ಕದ ಹೆಣ್ಣುಮಕ್ಕಳು ನನ್ನ ಕಡೆ ತಿರುಗಿ ನೋಡದೆ ಹಾಡುತ್ತಿದ್ದರು. ನನ್ನ ಪಾಲಿನದನ್ನೂ ಅವರೇ ಹಾಡಿದರು. ಯಾವ ಭಾನುವಾರ ನನ್ನ ದನಿ ಅದರಲ್ಲಿ ಸೇರಿತೋ ನನಗೇ ಗೊತ್ತಾಗಲಿಲ್ಲ. ಸಭೆ ಇರುವುದು ಇದಕ್ಕೇ ಎಂದು ನನಗೆ ಆಮೇಲೆ ಅರ್ಥವಾಯಿತು. ನನ್ನ ನಂಬಿಕೆ ನಿಲ್ಲಲಾರದಾಗ ಬೇರೆಯವರ ನಂಬಿಕೆ ನನ್ನನ್ನು ಹೊತ್ತಿತು.

ಪಕ್ಕದ ಓಣಿಯ ಮುದುಕಿಯೊಬ್ಬರು ಆಗ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯ. ಒಂದು ವಚನ ಹೇಳಲಿಲ್ಲ, ಪ್ರಾರ್ಥನೆ ಮಾಡೋಣ ಅನ್ನಲಿಲ್ಲ. ರೊಟ್ಟಿ ಮುರಿದು ನನ್ನ ಕೈಗೆ ಕೊಟ್ಟು, ತಿಂದು ಮುಗಿಸುವವರೆಗೆ ಕೂತು, ಬಟ್ಟೆ ಝಾಡಿಸಿಕೊಂಡು ಎದ್ದು ಹೋಗುತ್ತಿದ್ದರು. ಎಲೀಯನ ಕಥೆ ನನಗೆ ಅರ್ಥವಾದದ್ದು ಆ ಮುದುಕಿಯಿಂದ. ಅರಣ್ಯದಲ್ಲಿ ಗಿಡದ ಕೆಳಗೆ ಬಿದ್ದುಕೊಂಡು ಸಾವು ಬೇಡಿದ ಪ್ರವಾದಿಗೆ ದೇವದೂತ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಇಟ್ಟು ತಿನ್ನಲು ಹೇಳಿದ. ಅವನು ತಿಂದು ಮತ್ತೆ ಮಲಗಿದ. ದೂತ ಮಲಗಲು ಬಿಟ್ಟು, ಮತ್ತೆ ಎಬ್ಬಿಸಿ, ಮತ್ತೆ ತಿನ್ನಿಸಿದ. ದೇವರು ಮಾತಾಡಿದ್ದು ಅದೆಲ್ಲ ಆದ ಮೇಲೆ, ಅದೂ ಮೆಲ್ಲಗೆ. ದೇವರೇ ಅವಸರ ಮಾಡದಿರುವಾಗ ನೀನ್ಯಾಕೆ ಬೇಗ ಸುಧಾರಿಸಿಕೊಳ್ಳಬೇಕು ಎಂದು ಒದ್ದಾಡುತ್ತೀ?

ರಾತ್ರಿ ನಿದ್ದೆಯೇ ಇಲ್ಲ ಅಂದೆಯಲ್ಲ, ಅದಕ್ಕೆ ಡಾಕ್ಟರ ಹತ್ತಿರ ಹೋಗು. ಮನಸ್ಸಿನ ಡಾಕ್ಟರಾದರೂ ಸರಿ. ಮಾತ್ರೆ ನುಂಗುವುದು ಅವಿಶ್ವಾಸವಲ್ಲ. ಪೌಲನ ಜೊತೆಗಾರ ಲೂಕನೂ ವೈದ್ಯನೇ. ಬಾಸೆಲ್ ಮಿಶನ್ನಿನವರು ನಮ್ಮ ಬೆಟಗೇರಿಯಲ್ಲಿ ಆಸ್ಪತ್ರೆ ತೆರೆದದ್ದು ಪ್ರಾರ್ಥನೆಯಲ್ಲಿ ನಂಬಿಕೆ ಸಾಲದೆ ಅಲ್ಲ. ಔಷಧಿಯೂ ಪ್ರಾರ್ಥನೆಯೂ ಒಂದೇ ಕೈಯಿಂದ ಬರುತ್ತವೆ ಎಂದು ಅವರಿಗೆ ಗೊತ್ತಿತ್ತು.

ಎಂದಿಗೆ ವಾಸಿಯಾಗುತ್ತದೆ ಎಂದು ಕೇಳಿದೆ. ಮೊದಲಿನಂತೆ ಆಗುವುದಿಲ್ಲ, ಸುಳ್ಳು ಹೇಳಲಾರೆ. ಲಾಜರನ ಸಮಾಧಿಯ ಬಳಿ ಯೇಸು ಅತ್ತದ್ದನ್ನು ನೆನೆ. ಇನ್ನೇನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಅತ್ತ. ನೀನು ಮೊದಲೇ ಬಂದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಮಾರ್ಥಳು ಮುಖಕ್ಕೇ ಆಡಿದಾಗಲೂ ಗದರಲಿಲ್ಲ. ಪುನರುತ್ಥಾನದಲ್ಲಿ ಭರವಸೆಯಿದ್ದರೂ ಕಣ್ಣೀರು ಬರುತ್ತದೆ, ಎರಡೂ ಒಟ್ಟಿಗೇ ಇರುತ್ತವೆ. ತಾನೇ ಎದ್ದು ಬಂದ ಮೇಲೂ ಆತನ ಕೈಯಲ್ಲಿ ಮೊಳೆಯ ಗುರುತು ಹಾಗೇ ಇತ್ತು. ಮರಣವನ್ನು ಗೆದ್ದವನು ಗಾಯದ ಗುರುತನ್ನು ಅಳಿಸಿಕೊಳ್ಳಲಿಲ್ಲ, ತೋಮನಿಗೆ ತೋರಿಸಿದ. ನನ್ನದೂ ಅಳಿಸಿಲ್ಲ. ಆದರೆ ಈಗ ಅದರಿಂದ ರಕ್ತ ಬರುವುದಿಲ್ಲ. ಅದು ಇರುವುದಕ್ಕೇ ನಿನಗೆ ಈ ಕಾಗದ ಬರೆಯಲು ಆಯಿತು. ವಾಸಿಯಾಗುವುದೆಂದರೆ ನಾನು ಕಂಡದ್ದು ಇಷ್ಟೇ.

ನಾಳೆ ಆರಾಧನೆಗೆ ಹೋಗಲು ಜೀವವಿಲ್ಲದಿದ್ದರೆ ಹೋಗಬೇಡ. ಹೋದರೆ ಹಾಡಲೇಬೇಕೆಂದಿಲ್ಲ, ಪುಸ್ತಕ ತೆರೆದು ನಿಂತರೂ ಸಾಕು. ಊಟ ಮಾತ್ರ ಬಿಡಬೇಡ. ಮಕ್ಕಳ ಎದುರಿಗೇ ಅಳು, ಅಪ್ಪನ ಹೆಸರು ಹೇಳುತ್ತಾ ಅಳು. ಅವರಿಗೂ ಅಳುವುದಕ್ಕೆ ಧೈರ್ಯ ಬರುತ್ತದೆ. ಸೋಮವಾರ ಮೊದಲ ಬಸ್ಸಿಗೆ ಹೊರಟು ಬರುತ್ತಿದ್ದೇನೆ. ಅಡುಗೆ ಮಾಡಿಡಬೇಡ, ರೊಟ್ಟಿ ನಾನೇ ತರುತ್ತೇನೆ. ಮಾತಾಡು ಅಂತ ಒತ್ತಾಯ ಮಾಡುವುದಿಲ್ಲ, ನಿನ್ನ ಹತ್ತಿರ ಕೂತಿರುತ್ತೇನೆ.

ನಿನ್ನ ಚಿಕ್ಕಮ್ಮ