ಏಳುವ ವಿದ್ಯೆ

ಕಳೆದ ವೈಶಾಖದಲ್ಲಿ ನನ್ನ ಸೋದರಳಿಯನ ಮಗನ ಉಪನಯನ. ಮೇಜು ಕುರ್ಚಿ ಹಾಕಿದ್ದರೂ ನೆಲದ ಪಂಕ್ತಿಯಲ್ಲೇ ಕೂರುತ್ತೇನೆಂದು ಹಟ ಹಿಡಿದವನು ನಾನೇ. ಊಟವೇನೋ ಸೊಗಸಾಗಿತ್ತು. ಮಜ್ಜಿಗೆ ಮುಗಿದು ಎಲ್ಲರೂ ಕೈ ತೊಳೆಯಲು ಎದ್ದರು. ನಾನೂ ಹೊರಟೆ, ನನ್ನ ಕಾಲು ಹೊರಡಲಿಲ್ಲ. ಎಲೆ ತೆಗೆಯಲು ಬಂದ ಹುಡುಗ, "ತಾತ, ಇನ್ನೂ ಏನಾದರೂ ಬಡಿಸಬೇಕೆ?" ಎಂದ. ಕಡೆಗೆ ಇಬ್ಬರು ತರುಣರು ರಟ್ಟೆ ಹಿಡಿದು ಎತ್ತಿದರು. ನನ್ನ ಹೆಂಡತಿ ಎದುರು ಸಾಲಿನಿಂದ ನೋಡುತ್ತಿದ್ದಳು. ಏನೂ ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು. ನನ್ನ ತಂದೆಯ ಕಡೆಗಾಲದಲ್ಲಿ ಅವರನ್ನು ಎಬ್ಬಿಸಿ ಎಬ್ಬಿಸಿಯೇ ನಮ್ಮಮ್ಮನ ಬೆನ್ನು ಬಾಗಿದ್ದನ್ನು ಅವಳು ಕಂಡವಳು.

ದಿನವೂ ಕುಕ್ಕರಹಳ್ಳಿ ಕೆರೆಯನ್ನು ಒಂದು ಸುತ್ತು ಬರುವವನು ನಾನು. ನಡೆಯಬಲ್ಲ ಕಾಲು ಏಳಲಾರದೆ?

ಫಿಸಿಯೊಥೆರಪಿಯ ಹುಡುಗಿಯೊಬ್ಬಳು ಕೈಗಳನ್ನು ಎದೆಯ ಮೇಲೆ ಕಟ್ಟಿಸಿ, 30 ಸೆಕೆಂಡು ಕುರ್ಚಿಯಿಂದ ಎದ್ದು ಕೂರಿಸಿದಳು. 8 ಸಲ ಎದ್ದೆ. 72ರ ಗಂಡಸಿಗೆ 12 ಆದರೂ ಆಗಬೇಕಂತೆ. ತೊಡೆಯ ಮುಂದಿನ ನಾಲ್ಕು ಕವಲಿನ ಸ್ನಾಯು ಮಂಡಿಚಿಪ್ಪನ್ನು ಹಿಡಿದೆಳೆದು ಕಾಲನ್ನು ನೆಟ್ಟಗೆ ಮಾಡುತ್ತದೆ. ಸಮನೆಲದ ನಡಿಗೆಯಲ್ಲಿ ಅದಕ್ಕೆ ಹೆಚ್ಚು ದುಡಿಮೆಯಿಲ್ಲ. ಏಳುವಾಗ, ಹತ್ತುವಾಗ ಮೈಭಾರವೆಲ್ಲ ಅದರ ಮೇಲೆ. ಇಳಿಯುವಾಗಲೂ ಅಷ್ಟೆ: ಹಗ್ಗ ಸಡಿಲಿಸುತ್ತ ಬಾವಿಗೆ ಕೊಡ ಬಿಡುವವರಂತೆ, ಉದ್ದವಾಗುತ್ತಲೇ ತಡೆದು ಹಿಡಿಯಬೇಕು. ಮೆಟ್ಟಿಲಿಳಿಯುವಾಗ ನನ್ನ ಕೈ ಗೋಡೆಯನ್ನು ಹುಡುಕುವುದೇಕೆಂದು ಆಗ ತಿಳಿಯಿತು. ಪ್ರಾಯದಲ್ಲಿ ಈ ಬಲ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚಾಗಿರುತ್ತದೆ. ವರ್ಷವರ್ಷವೂ ಸೋರಿದರೂ ಗೊತ್ತಾಗುವುದಿಲ್ಲ. ಕಣಜದ ತಳ ಕಂಡ ಮೇಲೆ ಒಂದೊಂದು ಸೇರಿಗೂ ಲೆಕ್ಕ.

ತುಂಬಬಹುದೆಂಬುದೇ ಸಮಾಧಾನ. ಬೋಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ಸರಾಸರಿ 90 ವಯಸ್ಸಿನವರಿಂದ 8 ವಾರ ಭಾರ ಎತ್ತಿಸಿ ನೋಡಿದರು. 1990ರಲ್ಲಿ ಪ್ರಕಟವಾದ ಸಂಗತಿ. ತೊಡೆಯ ಬಲ ಎರಡೂವರೆ ಪಟ್ಟು ದಾಟಿತು. ಇಬ್ಬರು ಊರುಗೋಲನ್ನೇ ಬಿಟ್ಟರು!

ಈಗ ಸ್ನಾನಕ್ಕೆ ಮೊದಲು ನನ್ನ ಕಸರತ್ತು. ಹೆಂಡತಿ ನೆಲದ ಮೇಲೆ ಕೂತು ಅಕ್ಕಿ ಆರಿಸುತ್ತ ಎಣಿಸುತ್ತಾಳೆ. ನನ್ನ 11 ಅವಳ ಲೆಕ್ಕದಲ್ಲಿ ಯಾವಾಗಲೂ 10. ಅರ್ಧ ಎದ್ದದ್ದನ್ನು ಅವಳು ಒಪ್ಪುವುದಿಲ್ಲ. ಮೊನ್ನೆ ಎಣಿಕೆ ಮುಗಿಸಿ, ಮೊರ ಬದಿಗಿಟ್ಟು, ಗೋಡೆ ಹಿಡಿದು "ಅಮ್ಮಾ" ಎನ್ನುತ್ತ ಎದ್ದಳು. ಈ ಸಲ ನಾನು ಏನೂ ಅನ್ನಲಿಲ್ಲ. ಮಾರನೆಯ ದಿನ ನಾನು ಬರುವ ಹೊತ್ತಿಗೆ ಆ ಕುರ್ಚಿಯಲ್ಲಿ ಅವಳೇ ಕೈ ಕಟ್ಟಿ ಕೂತಿದ್ದಳು. "ಎಣಿಸಿ," ಎಂದಳು.