ಚೀಲದಲ್ಲೊಂದು ಆಟದ ಡಬ್ಬಿ

ಮಂಗಳೂರಿಗೆ ಹೋಗಿ ಬರುವುದೆಂದರೆ ನಮ್ಮ ಮುಂಡಾಜೆಯವರಿಗೆ ಇಡೀ ದಿನದ ಕೆಲಸ. ಬೆಳಕು ಹರಿಯುವ ಮೊದಲೇ ಎದ್ದು, ಹಟ್ಟಿಯ ಕೆಲಸ ಮುಗಿಸಿ, ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದರೆ ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆ, ಬಿ.ಸಿ.ರೋಡು ಎಂದು ಲೆಕ್ಕ ಹಾಕುತ್ತ ಕೂರಬೇಕು. ಆಸ್ಪತ್ರೆಯ ಕೆಲಸವಾದರೆ ಮರಳುವಾಗ ದೀಪ ಹಚ್ಚುವ ಹೊತ್ತೂ ಮೀರಿರುತ್ತದೆ. ಜೊತೆಗೆ 11 ವರ್ಷದ ಮಗನೂ ಇದ್ದರೆ ಕೇಳುವುದೇ ಬೇಡ!

ಹೋದ ವರ್ಷ ಮಳೆಗಾಲದಲ್ಲಿ ಅತ್ತೆಯ ಕಣ್ಣು ತೋರಿಸಲು ಹೀಗೇ ಹೊರಟಿದ್ದೆ. ಜೋರು ಮಳೆಯೆಂದು ಅಂದು ಶಾಲೆಗೆ ರಜೆ. ಇವರಿಗೆ ಬೇರೆ ಕೆಲಸವಿದ್ದುದರಿಂದ ಮಗನೂ ನಮ್ಮೊಂದಿಗೆ ಬಂದ. ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕೂತು ಅರ್ಧ ಗಂಟೆಯಾಗಿಲ್ಲ, "ಅಮ್ಮಾ, ಮೊಬೈಲು ಕೊಡು" ಎಂದು ಸುರು. ಕೊಟ್ಟೆ. ಹುಡುಗ ಮಿಸುಕಾಡದೆ ಕೂತ. ನನಗೂ ಹಾಯೆನಿಸಿತು. ಮಧ್ಯಾಹ್ನ ಎರಡಕ್ಕೆ ಮೊಬೈಲು ಆರಿಹೋಯಿತು. ಹೋದರೆ ಹೋಗಲಿ, ಮನೆಗೆ ಹೋಗಿ ಚಾರ್ಜಿಗೆ ಹಾಕಿದರಾಯಿತು ಎಂದುಕೊಂಡೆ.

ರಾತ್ರಿ ಮನೆಗೆ ಕಾಲಿಡುವಾಗ ಇವರು ಬಾಗಿಲಲ್ಲೇ ನಿಂತಿದ್ದರು. ಸುಳ್ಯದ ನನ್ನ ತವರಿನಲ್ಲಿ ಅಪ್ಪ ತೋಟದಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದರು. ಅಣ್ಣ ಅವರನ್ನು ಮಂಗಳೂರಿಗೇ, ಇನ್ನೊಂದು ಆಸ್ಪತ್ರೆಗೆ, ಕರೆತಂದಿದ್ದ. ಅಂದರೆ ಇಡೀ ಮಧ್ಯಾಹ್ನ ಅಪ್ಪ ಇದ್ದ ಊರಿನಲ್ಲೇ ನಾನೂ ಇದ್ದೆ! ಅಣ್ಣ ಫೋನು ಮಾಡಿ ಮಾಡಿ ಸೋತಿದ್ದ, ಇವರೂ ಸೋತಿದ್ದರು. ಆಪರೇಷನ್ನಿಗೆ ಕರೆದೊಯ್ಯುವಾಗ ಅಪ್ಪ, "ಅವಳು ಬಂದಳಾ?" ಎಂದು ಎರಡು ಸಲ ಕೇಳಿದರಂತೆ.

ದೇವರ ದಯೆ, ಅಪ್ಪ ಈಗ ಕೋಲು ಹಿಡಿದು ನಡೆಯುತ್ತಾರೆ. ಆದರೆ ಆ ಮಾತು ನನ್ನೊಳಗಿನಿಂದ ಹೋಗಿಲ್ಲ. ಮಗನನ್ನು ನಾನು ಬೈಯಲಿಲ್ಲ. ನನ್ನ ನೆಮ್ಮದಿಗೆಂದು ಮೊಬೈಲು ಕೊಟ್ಟವಳು ನಾನೇ ಅಲ್ಲವೇ?

ದಸರಾ ರಜೆಯಲ್ಲಿ ಅತ್ತೆಯ ಕಣ್ಣಿನ ಪೊರೆ ತೆಗೆಸುವುದೆಂದು ನಿಶ್ಚಯವಾಯಿತು. ಈ ಸಲ ಮಗನಿಗೆ ಆಟಕ್ಕೇ ಬೇರೆಯದೊಂದು ಬೇಕು ಎಂದು ಬೆಂಗಳೂರಿನ ತಮ್ಮನಿಗೆ ಫೋನು ಮಾಡಿದೆ.

"ಅಕ್ಕ, ಈಗ ಹಳೆಯ ಆಟಗಳನ್ನೇ ತುಂಬಿಸಿದ ಕೈಡಬ್ಬಿಗಳು ಬರ್ತವೆ. ಮಿಯೂ, ಅನ್‌ಬರ್ನಿಕ್ ಅಂತ ಚೀನಾದ ಕಂಪೆನಿಗಳದ್ದು. ಬಣ್ಣದ ಪರದೆ. ಚಾರ್ಜು ಮಾಡಿದ್ರೆ ಐದಾರು ಗಂಟೆ ಓಡ್ತದೆ, ಆಟ ಎಲ್ಲಿಗೆ ನಿಲ್ಲಿಸಿದ್ದೆವೋ ಅಲ್ಲಿಂದಲೇ ಮುಂದುವರಿಸಬಹುದು" ಎಂದ. ಬೆಲೆ ಕೇಳಿದರೆ ಸಾವಿರಗಳ ಲೆಕ್ಕ! ಜೊತೆಗೆ, ಸಾವಿರಾರು ಆಟ ಉಚಿತವೆಂದು ಮೆಮೊರಿ ಕಾರ್ಡಿನಲ್ಲಿ ತುಂಬಿ ಮಾರುವವರಲ್ಲಿ ಹೆಚ್ಚಿನವರಿಗೆ ಆ ಆಟಗಳ ಹಕ್ಕೇ ಇರುವುದಿಲ್ಲ ಎಂದೂ ಹೇಳಿದ.

ಅವನೇ ಇನ್ನೊಂದು ಕಥೆ ಹೇಳಿದ. ಜಪಾನಿನ ನಿಂಟೆಂಡೊ ಕಂಪೆನಿ 1989ರಲ್ಲಿ ಗೇಮ್ ಬಾಯ್ ಎಂಬ ಡಬ್ಬಿ ತಂದಿತು. ಅದಕ್ಕೆ ಬಣ್ಣವೂ ಇಲ್ಲ, ಪರದೆಯ ಹಿಂದೆ ದೀಪವೂ ಇಲ್ಲ. ಮರುವರ್ಷ ಸೇಗಾ ಕಂಪೆನಿ ಬಣ್ಣ ಬಣ್ಣದ ಗೇಮ್ ಗಿಯರ್ ತಂದಿತು. ಆದರೆ ಅದು ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗಿಬಿಡುತ್ತಿತ್ತು. ಗೇಮ್ ಬಾಯ್‌ಗೆ ನಾಲ್ಕೇ ಸೆಲ್ಲು, ಹತ್ತು ಗಂಟೆಗೂ ಮೇಲೆ ಓಡುತ್ತಿತ್ತು. ಕೊನೆಗೆ ಗೆದ್ದದ್ದು ಬಣ್ಣವಿಲ್ಲದ್ದೇ. ಕೇಳಿ ನನಗೆ ಖುಷಿಯಾಯಿತು. ದಿನಪೂರ್ತಿ ಹೊರಗಿರುವವರಿಗೆ ಚಂದಕ್ಕಿಂತ ಬಾಳಿಕೆ ಮುಖ್ಯ; ನಾವು ಸೀರೆ ಆರಿಸುವುದೂ ಹಾಗೆಯೇ ಅಲ್ಲವೇ?

"ಬ್ರಿಕ್ ಗೇಮ್ ನೆನಪುಂಟಾ ಅಕ್ಕ?" ಎಂದ.

ಇಲ್ಲದೆ ಏನು! ನಾವು ಚಿಕ್ಕವರಿದ್ದಾಗ ದೊಡ್ಡಮಾವ ಬೊಂಬಾಯಿಯಿಂದ ತಮ್ಮನಿಗೆಂದು ತಂದದ್ದು. ಮೇಲಿನಿಂದ ಇಟ್ಟಿಗೆ ಬೀಳುತ್ತವೆ, ತಿರುಗಿಸಿ ಸಾಲು ತುಂಬಿಸಬೇಕು. ಮಾಸ್ಕೋದ ಅಲೆಕ್ಸಿ ಪಜಿಟ್ನೋವ್ ಎಂಬವರು 1984ರಲ್ಲಿ ಮಾಡಿದ ಟೆಟ್ರಿಸ್ ಆಟದ ನಕಲು ಅದು. ನಾನು ಮುಟ್ಟಿದರೆ ಅಜ್ಜಿ, "ಹೆಣ್ಣುಮಕ್ಕಳಿಗೆ ಎಂತಕ್ಕೆ ಅದು, ಅಕ್ಕಿ ಆರಿಸು ಹೋಗು" ಎನ್ನುತ್ತಿದ್ದರು. ರಾತ್ರಿ ತಮ್ಮ ಮಲಗಿದ ಮೇಲೆ ಹೊದಿಕೆಯೊಳಗೆ ಟಾರ್ಚು ಹಾಕಿ ಆಡುತ್ತಿದ್ದೆ.

"ನೀನು ಕದ್ದು ಆಡ್ತಿದ್ದದ್ದು ನಂಗೆ ಗೊತ್ತಿತ್ತು. ಬೆಳಿಗ್ಗೆ ನೋಡಿದ್ರೆ ನನ್ನ ಸ್ಕೋರಿನ ಎರಡರಷ್ಟು ಇರ್ತಿತ್ತು" ಎಂದು ನಕ್ಕ.

ಅದೇ ಬ್ರಿಕ್ ಗೇಮು ಉಜಿರೆಯ ಅಂಗಡಿಯೊಂದರಲ್ಲಿ ಸಿಕ್ಕಿತು. ಕೊಳ್ಳುವಾಗ ನಾಲ್ಕು ಸಂಗತಿ ನೋಡಿದೆ. ನೀವೂ ನೋಡಿಕೊಳ್ಳಿ. ಗುಂಡಿಗಳೆಲ್ಲ ಒತ್ತಿದ ಕೂಡಲೇ ಕೆಲಸ ಮಾಡಬೇಕು. ಶಬ್ದ ಪೂರ್ತಿ ನಿಲ್ಲಿಸಲು ಬರಬೇಕು, ಇಲ್ಲದಿದ್ದರೆ ಆಸ್ಪತ್ರೆಯಲ್ಲಿ ಬೈಗುಳ ಖಂಡಿತ. ಹಗಲು ಬೆಳಕಿನಲ್ಲಿ ಪರದೆ ಕಾಣಬೇಕು. ಸೆಲ್ಲು ಹಾದಿಯಲ್ಲಿ ಸಿಗುವಂಥದ್ದಾಗಿರಬೇಕು. ನಮ್ಮದಕ್ಕೆ ಎರಡು ಪೆನ್ಸಿಲ್ ಸೆಲ್ಲು ಸಾಕು. ಡಬ್ಬಿಯ ಮೇಲೆ 9999 ಆಟ ಎಂದು ಬರೆದದ್ದನ್ನು ಮಾತ್ರ ನಂಬಬೇಡಿ. ಇರುವ ಹತ್ತಾರು ಆಟಗಳನ್ನೇ ಬೇರೆ ಬೇರೆ ವೇಗದಲ್ಲಿ ಎಣಿಸಿರುತ್ತಾರೆ. ಮಕ್ಕಳು ದೊಡ್ಡವರಾಗಿದ್ದು, ಕೈಯಲ್ಲಿ ದುಡ್ಡೂ ಇದ್ದರೆ ಚಾರ್ಜಿನ ಡಬ್ಬಿಯೇ ಆಗಬಹುದು. ಆದರೆ ಪವರ್ ಬ್ಯಾಂಕು ಮರೆಯಬೇಡಿ.

"ಎಂತಮ್ಮಾ ಇದು, ಕಲರೇ ಇಲ್ಲ!" ಎಂದು ಮಗ ಮೂಗು ಮುರಿದ. ಬಸ್ಸಿನಲ್ಲಿ ಮುಟ್ಟಲೇ ಇಲ್ಲ. ಆಸ್ಪತ್ರೆಯಲ್ಲಿ ನಾನೇ ತೆಗೆದು ಆಡತೊಡಗಿದೆ. ಬೆರಳು ಒಂದನ್ನೂ ಮರೆತಿರಲಿಲ್ಲ! ನನ್ನ ಸ್ಕೋರು ನೋಡಿದ್ದೇ ತಡ, ಡಬ್ಬಿ ಅವನ ಕೈ ಸೇರಿತು. ಮತ್ತೆ ಸರದಿ ಪ್ರಕಾರ ಆಟ, ಜಗಳ, ನಗು. ಮೊಬೈಲಿನಲ್ಲಿ ಮುಳುಗಿದ್ದಾಗ ಅವನ ಮುಖ ಕೂಡ ನನಗೆ ಕಾಣುತ್ತಿರಲಿಲ್ಲ.

ಅತ್ತೆಗೆ ಪೊರೆಯ ಕಣ್ಣಿಗೆ ಏನೂ ಕಾಣದು, ಆದರೂ ಮಾತು ಬಿಡಲಿಲ್ಲ. "ನಮ್ಮ ಚೆನ್ನೆಮಣೆಗೆ 14 ಗುಳಿ, 56 ಕಾಯಿ. ಸೆಲ್ಲೂ ಬೇಡ, ಗಿಲ್ಲೂ ಬೇಡ" ಎಂದರು. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದೆಂದು ಅಬ್ಬಗ-ದಾರಗರ ಕಥೆಯನ್ನೂ ಹೇಳಿದರು. ಪಕ್ಕದಲ್ಲಿ ಕೂತವರೂ ಕಿವಿಗೊಟ್ಟು ಕೇಳಿದರು. ಆಪರೇಷನ್ನಿನ ಹೆದರಿಕೆ ಅವರಿಗೂ ಮರೆತಿತ್ತು.

ಸಂಜೆ ನಾಲ್ಕಕ್ಕೆ ಅತ್ತೆಯನ್ನು ಹೊರಗೆ ಕರೆತಂದು ಕೂರಿಸಿದಾಗ ಮೊಬೈಲು ಬಾರಿಸಿತು. ಮೊದಲ ರಿಂಗಿಗೇ ಎತ್ತಿದೆ. ಅಪ್ಪ!

"ಎಂತ ಮಗಾ, ಅತ್ತೆಯ ಕಣ್ಣು ಹೇಗಾಯಿತು?"

"ಚೆನ್ನಾಗಿ ಆಯಿತಪ್ಪ" ಎಂದೆ. ಮುಂದಕ್ಕೆ ಮಾತು ಬರಲಿಲ್ಲ. ಅಪ್ಪನೇ ಮಾತಾಡಿದರು.

ಮರಳುವಾಗ ಬಂಟ್ವಾಳ ದಾಟುವಷ್ಟರಲ್ಲಿ ಮಗ ನನ್ನ ಭುಜಕ್ಕೊರಗಿ ನಿದ್ದೆ ಹೋದ. ಅವನ ಕೈಯಿಂದ ಡಬ್ಬಿ ಮೆಲ್ಲನೆ ಬಿಡಿಸಿಕೊಂಡು, ಮಡಂತ್ಯಾರಿನವರೆಗೂ ಆಡಿದೆ. ಈ ಸಲ ಕದ್ದಲ್ಲ, ಎಲ್ಲರೆದುರಿಗೇ. ಈಗ ಹೊರಗೆ ಹೊರಡುವಾಗ ಬುತ್ತಿ, ನೀರು, ಚೀಟಿಗಳ ಜೊತೆಗೆ ಎರಡು ಸೆಲ್ಲೂ ನನ್ನ ಚೀಲ ಸೇರುತ್ತವೆ. ನಿಮ್ಮ ಚೀಲದಲ್ಲೂ ಒಂದು ಆಟದ ಡಬ್ಬಿಗೆ ಜಾಗವಿದ್ದೀತು, ನೋಡಿ.