ಏಳು ಮಿಲಿಮೀಟರಿನ ಮಾತು

ದ್ವಿತೀಯ ಪಿಯುಸಿಯ ಜೀವಶಾಸ್ತ್ರ ಪಾಠದಲ್ಲಿ ಋತುಚಕ್ರದ ಚಿತ್ರವೊಂದಿದೆ. ಮೇಲೆ ಹಾರ್ಮೋನುಗಳ ಏರಿಳಿತದ ಗೆರೆಗಳು. ಕೆಳಗೆ ತಿಂಗಳು ತಿಂಗಳೂ ಬೆಳೆದು ಕಳಚಿಬೀಳುವ ಗರ್ಭಕೋಶದ ಒಳಪದರ. ಅಂಕ ತಂದುಕೊಡುವ ಚಿತ್ರವೆಂದು ಮಕ್ಕಳು ಅದನ್ನು ಬಣ್ಣದ ಪೆನ್ಸಿಲಿನಲ್ಲಿ ಅಂದವಾಗಿ ಬರೆಯುತ್ತಾರೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಪಾಠ ಹೇಳಿದ್ದೇನೆ. ಆದರೆ ಆ ತೆಳು ಪದರದ ಮೇಲೆ ಒಂದು ಸಂಸಾರದ ನೆಮ್ಮದಿಯೇ ನಿಂತಿರಬಹುದೆಂಬುದು ಮನಸ್ಸಿಗೆ ನಾಟಿದ್ದು, ಹಳೆಯ ವಿದ್ಯಾರ್ಥಿನಿಯೊಬ್ಬಳು ಸ್ಕ್ಯಾನಿಂಗ್ ವರದಿ ಹಿಡಿದು ಮನೆಗೆ ಬಂದಾಗ.

ಮದುವೆಯಾಗಿ ಆರು ವರ್ಷ. ಗಂಡನ ವೀರ್ಯ ಪರೀಕ್ಷೆಯಲ್ಲಿ ದೋಷವಿಲ್ಲ. ಇವಳ ವರದಿಯಲ್ಲಿ ಮಾತ್ರ ಒಳಪದರ 5 ಮಿಲಿಮೀಟರ್ ಎಂದಿತ್ತು. ಜೊತೆಯಲ್ಲಿ ಬಂದಿದ್ದ ತಾಯಿ ಕೇಳಿದರು: "ಪದರ ತೆಳ್ಳಗಿದೆಯಂತೆ ಮೇಡಂ. ದಪ್ಪ ಆಗೋಕೆ ಏನು ತಿನ್ನಿಸಬೇಕು? ದಾಳಿಂಬೆ, ಬೀಟ್‌ರೂಟ್ ಎಲ್ಲ ಆಯ್ತು." ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು.

ಈ ಪದರದ ಲೆಕ್ಕಾಚಾರ ಹೀಗಿದೆ. ಮುಟ್ಟು ನಿಂತಾಗ ಅದರ ದಪ್ಪ 2ರಿಂದ 4 ಮಿಲಿಮೀಟರ್. ಅಂಡಾಶಯದಿಂದ ಬರುವ ಈಸ್ಟ್ರೋಜನ್ ಅದನ್ನು ಬೆಳೆಸುತ್ತದೆ. ಅಂಡ ಬಿಡುಗಡೆಯಾಗುವ ಹೊತ್ತಿಗೆ ಸಾಮಾನ್ಯವಾಗಿ 8ರಿಂದ 12 ಮಿಲಿಮೀಟರ್ ಆಗಿರುತ್ತದೆ. ಆಮೇಲೆ ಪ್ರೊಜೆಸ್ಟೆರಾನ್ ಅದನ್ನು ಭ್ರೂಣ ಬಂದು ನೆಲೆಯೂರಲು ಹದಗೊಳಿಸುತ್ತದೆ. 7 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ತೆಳು ಎನ್ನುವುದು ವೈದ್ಯರ ರೂಢಿ. ಆದರೆ ಅದು ಕಲ್ಲಿನಲ್ಲಿ ಕೊರೆದ ಗೆರೆಯಲ್ಲ. ಅದಕ್ಕೂ ತೆಳುವಾದ ಪದರದಲ್ಲಿ ಮಗು ನಿಂತದ್ದುಂಟು, ಅವಕಾಶ ಕಡಿಮೆ ಅಷ್ಟೆ. ತಿಂಗಳಿಗೊಮ್ಮೆ ಕಳಚುವುದು ಮೇಲ್ಪದರ. ಹೊಸದನ್ನು ಮತ್ತೆ ಚಿಗುರಿಸುವುದು ಅದರ ಕೆಳಗಿರುವ ತಳದ ಪದರ. ತಳಕ್ಕೇ ಪೆಟ್ಟು ಬಿದ್ದರೆ ಚಿಗುರುವ ಶಕ್ತಿಯೇ ಕುಂದುತ್ತದೆ.

ಹಾಗೆ ಕುಂದಲು ಕಾರಣಗಳು ಹಲವು. ಗರ್ಭಪಾತದ ನಂತರ ಮಾಡುವ ಡಿ ಅಂಡ್ ಸಿ ಆಳಕ್ಕೆ ತಾಗಿದರೆ ಒಳಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ಜೋಸೆಫ್ ಆಶರ್ಮನ್ ಎಂಬ ವೈದ್ಯರು 1948ರಲ್ಲಿ ಇದನ್ನು ವಿವರವಾಗಿ ಬರೆದ ಮೇಲೆ ಈ ತೊಂದರೆಗೆ ಅವರ ಹೆಸರೇ ನಿಂತಿದೆ. ಅಂಡ ಬೆಳೆಯಲೆಂದು ಕೊಡುವ ಕ್ಲೋಮಿಫೀನ್ ಮಾತ್ರೆಯೂ ಕೆಲವರಲ್ಲಿ ಪದರವನ್ನು ತೆಳುವಾಗಿಸುತ್ತದೆ. ಅಂಥವರಿಗೆ ಬೇರೆ ಮಾತ್ರೆ ಕೊಟ್ಟರೆ ಸರಿಹೋದೀತು. ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು ಕಾರಣವಿದೆ: ಕ್ಷಯ. ಅದು ಶ್ವಾಸಕೋಶದ ಕಾಯಿಲೆ ಮಾತ್ರವೆಂದು ನಾವು ತಿಳಿದಿದ್ದೇವೆ. ಅದರ ರೋಗಾಣು ರಕ್ತದೊಡನೆ ಸಾಗಿ ಅಂಡನಾಳಕ್ಕೂ ಅಲ್ಲಿಂದ ಗರ್ಭಕೋಶಕ್ಕೂ ಇಳಿಯಬಲ್ಲದು. ಕೆಮ್ಮಿಲ್ಲ, ಜ್ವರವಿಲ್ಲ, ಮುಟ್ಟಿನ ಸ್ರಾವ ಕಡಿಮೆಯಾಗುತ್ತಾ ಬರುವುದೊಂದೇ ಸುಳಿವಾಗಿರಬಹುದು. ಕೆಲವರಿಗೆ ಅದೂ ಇರುವುದಿಲ್ಲ.

ಈ ಮಾತು ಹೇಳುತ್ತಿದ್ದಂತೆ ತಾಯಿಯ ಮುಖ ಬಾಡಿತು. ಮಗಳು ಪಿಯುಸಿಯಲ್ಲಿದ್ದಾಗ ಕುತ್ತಿಗೆಯಲ್ಲಿ ಗಂಟು ಕಾಣಿಸಿ, ಕ್ಷಯವೆಂದು ಮಾತ್ರೆ ಶುರುವಾಗಿತ್ತು. ಎರಡು ತಿಂಗಳಿಗೆ ಗಂಟು ಕರಗಿತು. "ಸಾಕು ಅಂತ ಬಿಡಿಸಿಬಿಟ್ವಿ. ಹುಡುಗಿಗೆ ಇಂಥಾ ಕಾಯಿಲೆ ಅಂತ ನಾಲ್ಕು ಜನಕ್ಕೆ ಗೊತ್ತಾದ್ರೆ ಸಂಬಂಧ ಹೇಗೆ ಬರುತ್ತೆ, ಅನ್ನೋ ಭಯ." ಮುಟ್ಟು ಕಡಿಮೆಯಾದದ್ದು ಆಮೇಲೆ. ಅದನ್ನು ಮಗಳು ಹೇಳಲಿಲ್ಲ, ತಾಯಿ ಕೇಳಲಿಲ್ಲ. ಇದನ್ನೆಲ್ಲ ಡಾಕ್ಟರಿಗೆ ಮೊದಲು ಹೇಳಿ ಎಂದೆ. ಒಳಪದರದ ಚೂರು ತೆಗೆದು ಪರೀಕ್ಷಿಸಿದಾಗ ಅನುಮಾನ ನಿಜವಾಯಿತು.

ಈಗ ಚಿಕಿತ್ಸೆಯ ಮಾತು. ಮೊದಲು ಕಾರಣ ಹುಡುಕುವುದು. ಅದಿಲ್ಲದೆ ಪದರ ದಪ್ಪ ಮಾಡಹೊರಡುವುದು ತಳ ಸೋರುವ ಕೊಡಕ್ಕೆ ನೀರು ತುಂಬಿದಂತೆ. ಕ್ಷಯವಿದ್ದರೆ ಪೂರ್ತಿ ಆರು ತಿಂಗಳ ಔಷಧ. ಗೋಡೆಗಳು ಅಂಟಿದ್ದರೆ ಹಿಸ್ಟರೋಸ್ಕೋಪ್ ಎಂಬ ಸಣ್ಣ ದುರ್ಬೀನು ತೂರಿಸಿ ಬಿಡಿಸುತ್ತಾರೆ. ಆಮೇಲೆ ಈಸ್ಟ್ರೋಜನ್ ಮಾತ್ರೆ ಕೊಟ್ಟು ಪದರ ಬೆಳೆಯುವುದನ್ನು ಸ್ಕ್ಯಾನಿನಲ್ಲಿ ಅಳೆಯುತ್ತಾ ಹೋಗುತ್ತಾರೆ. ಪ್ರಣಾಳ ಶಿಶುವಿನ ಚಿಕಿತ್ಸೆಯಾದರೆ ಭ್ರೂಣವನ್ನು ಶೀತಲೀಕರಿಸಿಟ್ಟು ಪದರ ಸಿದ್ಧವಾಗುವ ತಿಂಗಳಿಗೆ ಕಾಯಬಹುದು. ಈ ದಾರಿಯನ್ನು ಬಹಳ ಹಿಂದೆಯೇ ಹಿಡಿದವರು ಕಲ್ಕತ್ತೆಯ ಡಾ. ಸುಭಾಷ್ ಮುಖರ್ಜಿ. ಅವರು ಭ್ರೂಣವನ್ನು ಹಾಗೆ ಕಾದಿಟ್ಟು, ಮುಂದೊಂದು ತಿಂಗಳಲ್ಲಿ ತಾಯಿಯ ಗರ್ಭಕೋಶಕ್ಕೆ ಸೇರಿಸಿದರು. 1978ರ ಅಕ್ಟೋಬರ್ 3ರಂದು ಮಗು ಹುಟ್ಟಿತು. ಆಗ ಅವರನ್ನು ನಂಬಿದವರು ಕಡಿಮೆ. ಮನ್ನಣೆ ಬಂದದ್ದು ಅವರು 1981ರಲ್ಲಿ ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ.

ಇವುಗಳಾಚೆಗೆ ಆಸ್ಪಿರಿನ್, ಸಿಲ್ಡೆನಾಫಿಲ್, ವಿಟಮಿನ್ ಇ, ತನ್ನದೇ ರಕ್ತದಿಂದ ತೆಗೆದ ಪಿಆರ್‌ಪಿ ಎಂದು ಪಟ್ಟಿ ಬೆಳೆಯುತ್ತದೆ. ಕೆಲವರಿಗೆ ಗುಣ ಕಂಡಿರಬಹುದು. ಎಲ್ಲರಿಗೂ ಆಗುತ್ತದೆಂಬುದಕ್ಕೆ ಗಟ್ಟಿ ಪುರಾವೆ ಇನ್ನೂ ಇಲ್ಲ. ದಾಳಿಂಬೆಯನ್ನು ರುಚಿಗಾಗಿ ತಿನ್ನಬಹುದು. ಸಾಲ ಮಾಡಿ ಆಸ್ಪತ್ರೆ ಅಲೆಯುವವರು ಕೇಳಲೇಬೇಕಾದ ಪ್ರಶ್ನೆ ಒಂದುಂಟು: ನನ್ನಂಥವರಲ್ಲಿ ಎಷ್ಟು ಮಂದಿಗೆ ಇದರಿಂದ ಮಗುವಾಗಿದೆ? 2021ರ ಕಾಯಿದೆಯ ಪ್ರಕಾರ ಪ್ರಣಾಳ ಶಿಶು ಕೇಂದ್ರಗಳು ನೋಂದಣಿಯಾಗಿರಬೇಕು, ಯಶಸ್ಸಿನ ಸಾಧ್ಯತೆಯೆಷ್ಟು ಎಂಬುದನ್ನು ದಂಪತಿಗೆ ತಿಳಿಸಿ ಹೇಳಬೇಕು. ಕೇಳುವುದು ಅಧಿಕಪ್ರಸಂಗವಲ್ಲ.

ನಮ್ಮ ಹುಡುಗಿ ಆರು ತಿಂಗಳ ಔಷಧ ಮುಗಿಸಿದ್ದಾಳೆ. ಅಂಟು ಬಿಡಿಸಿದ ಮೇಲೆ ಪದರ 6 ದಾಟಿದೆ. ರೋಗಾಣು ಸತ್ತರೂ ಅದು ಬಿಟ್ಟುಹೋದ ಕಲೆ ಪೂರ್ತಿ ಅಳಿಯುವುದಿಲ್ಲವೆಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಇನ್ನೆರಡು ಪ್ರಯತ್ನ, ಆಮೇಲೆ ದತ್ತು ಎಂದು ಗಂಡ ಹೆಂಡತಿ ಕೂತು ತೀರ್ಮಾನಿಸಿದ್ದಾರೆ. ಈ ಸಲ ತಲೆಯೆತ್ತಿಯೇ ಅದನ್ನು ಹೇಳಿದಳು.

ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಹೇಳುವುದಿಷ್ಟು. ಅಂಕಪಟ್ಟಿ ಕೇಳುವಷ್ಟೇ ಸಹಜವಾಗಿ ಮುಟ್ಟಿನ ವಿಚಾರವನ್ನೂ ಕೇಳಿ. ಮೊದಲಿದ್ದ ಸ್ರಾವ ತಿಂಗಳುಗಟ್ಟಲೆ ಕಡಿಮೆಯಾಗುತ್ತಾ ಬಂದರೆ, ಅಥವಾ ನಿಂತೇಹೋದರೆ, ಡಾಕ್ಟರಿಗೆ ತೋರಿಸಿ. ಕ್ಷಯವೆಂದರೆ ಹೆದರಬೇಡಿ, ಬಚ್ಚಿಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. ವಿದ್ಯಾರ್ಥಿನಿಯರೇ, ಗಂಟು ಕರಗಲಿ, ಜ್ವರ ಬಿಡಲಿ, ಡಾಕ್ಟರು ಸಾಕು ಎನ್ನುವವರೆಗೆ ಮಾತ್ರೆ ನಿಲ್ಲಿಸಬೇಡಿ. ಬರುವ ಸಂಬಂಧ ಹೇಗೂ ಬರುತ್ತದೆ.